ಅವರೆಬೀಜದ ಪರೀಕ್ಷೆ

ಇಂಥ ಪಜೀತಿಗಳೆಲ್ಲ ನನ್ನ ಪಾಲಿಗೇ ಯಾಕೆ ಬರುತ್ತವೋ ಕಾಣೆ. ಬೇಸಾಯದ ಇಲಾಖೆಯಲ್ಲಿ ಇದ್ದಷ್ಟು ದಿನವೂ ಒಂದಲ್ಲ ಒಂದು ಬರುತ್ತಲೇ ಇತ್ತು. ಅದರಲ್ಲೂ ಯುದ್ಧದ ಕಾಲದಲ್ಲಿ, ದೊಡ್ಡಬೆಳವಂಗಲದ ಕಡೆಯ ಒಂದು ಹಳ್ಳಿಯಲ್ಲಿ ಬೀಜದ ಡಿಪೋ ನೋಡಿಕೊಳ್ಳುತ್ತಿದ್ದಾಗ, ಒಂದೇ ಮಳೆಗಾಲದಲ್ಲಿ ಸಾಲುಗಟ್ಟಿ ಬಂದವು. ಈಗ ನೆನೆಸಿಕೊಂಡು ನಗುತ್ತೇನೆ. ಆಗ ನಗು ಬರುತ್ತಿರಲಿಲ್ಲ, ಹೊಟ್ಟೆಯಲ್ಲಿ ಉರಿ ಬರುತ್ತಿತ್ತು. ನನ್ನ ಹೆಂಡತಿ ಜೀರಿಗೆ ಕಷಾಯ ಕಾಸಿ ಕಾಸಿ ಮನೆಯಲ್ಲಿದ್ದ ಜೀರಿಗೆಯನ್ನೆಲ್ಲ ಮುಗಿಸಿದ್ದಳು.

ಆ ವರ್ಷ ಊರಿನಲ್ಲಿ ಬಿತ್ತುವುದಕ್ಕೆ ಒಂದು ಹಿಡಿ ಅವರೆ ಇರಲಿಲ್ಲ. ಹಿಂದಿನ ಸುಗ್ಗಿಯದಕ್ಕೆ ಹುಳು ಬಿದ್ದು ಗುಡಾಣಗಳಲ್ಲಿ ಬರೀ ಪುಡಿ ಉಳಿದಿತ್ತು. ಬೆಳೆದ ರಾಗಿಯಲ್ಲಿ ಸರ್ಕಾರದ ಲೆವಿಗೆಂದು ಅಳೆದು ಕೊಡಬೇಕಾಗಿದ್ದ ಕಾಲ ಅದು. ಅವರೆಯನ್ನು ಮಾತ್ರ ಆ ಊರಿನಲ್ಲಿ ಯಾರೂ ಬಂದು ಕೇಳುತ್ತಿರಲಿಲ್ಲವಾದ್ದರಿಂದ ಮನೆಯವರ ಹೊಟ್ಟೆಗೆ ಭರವಸೆ ಅಂತ ಇದ್ದದ್ದು ಅದೊಂದೇ. ನಮ್ಮ ಕಡೆ ರಾಗಿ ಹೊಲದಲ್ಲೇ ನಡುನಡುವೆ ಸಾಲು ಬಿಟ್ಟು ಅವರೆ ಬಿತ್ತುತ್ತಾರೆ, ಅಕ್ಕಡಿ ಅಂತ. ಎರಡನ್ನೂ ಒಂದೇ ಹದದಲ್ಲಿ ಬಿತ್ತಿ ಮುಗಿಸಬೇಕು. ಹೀಗಾಗಿ ಅವರೆ ಸಿಗುವ ತನಕ ರಾಗಿಯನ್ನೂ ಬಿತ್ತದೆ ಊರಿಗೆ ಊರೇ ಕೈಕಟ್ಟಿ ಕೂತಿತ್ತು.

ಸರ್ಕಾರ ಬೀಜ ಕಳಿಸಿತು. ಆದರೆ ಮೂಟೆಗಳು ದಾರಿಯಲ್ಲೆಲ್ಲೋ ಮಳೆಗೆ ಸಿಕ್ಕಿದ್ದವು. ಬಿಚ್ಚಿದರೆ ಮುಗ್ಗಲು ವಾಸನೆ. ಜೊತೆಗೆ ಬಂದಿದ್ದ ಸಾಹೇಬರು ಮೂಗು ಮುಚ್ಚಿಕೊಂಡೇ ಹೇಳಿದರು.

"ನೋಡ್ರೀ, ಇದು ಸತ್ತ ಬೀಜ ಇದ್ರೂ ಇರಬಹುದು. ನೂರು ಕಾಳು ಮೊಳಕೆಗೆ ಇಡಿ. ಎಂಬತ್ತಾದ್ರೂ ಮೊಳೆತಿರೋದನ್ನ ನಾನು ಕಣ್ಣಾರೆ ನೋಡ್ಬೇಕು. ಬರೋ ಸಂತೆ ಬಿಟ್ಟು ಅದರ ಮುಂದಿನ ಸಂತೆ ದಿನ ಬರ್ತೀನಿ. ಮೊಳೀಲಿಲ್ವೋ, ಮೂಟೆ ವಾಪಸ್. ಅಲ್ಲೀವರೆಗೆ ಒಂದು ಪಾವು ಕೂಡ ರೈತರಿಗೆ ಕೊಡಕೂಡದು. ಕೊಟ್ರೆ ನಿಮ್ಮ ಕೆಲ್ಸ ಇರೋದಿಲ್ಲ."

ಮೂಟೆ ವಾಪಸು ಹೋದರೆ ಬೇರೆ ಮೂಟೆ ಬರುವ ಹೊತ್ತಿಗೆ ನೆಲದ ಹದ ಆರಿಹೋಗಿರುತ್ತದೆ. ಅದು ನನಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

೧. ಪಟೇಲರ ಉಪಚಾರ

ಡಿಪೋ ಇದ್ದದ್ದು ಪಟೇಲರ ಮನೆಯ ಜಗಲಿ ಪಕ್ಕದ ಕೋಣೆಯಲ್ಲಿ. ಪಟೇಲರು ದೊಡ್ಡ ಮನಸ್ಸಿನವರು. ಯಾರಿಗಾದರೂ ಏನನ್ನಾದರೂ ಕೊಟ್ಟರೆ ಕೈ ತುಂಬಾ ಕೊಡುವುದೇ ಹೊರತು ಅಳತೆ ಮಾಡಿ ಕೊಟ್ಟವರಲ್ಲ. ನನ್ನ ಮೊದಲನೇ ಪರೀಕ್ಷೆ ಕೆಟ್ಟದ್ದು ಈ ಒಳ್ಳೆಯ ಗುಣದಿಂದಲೇ.

ಒಂದು ಅಗಲವಾದ ತಟ್ಟೆಯಲ್ಲಿ ಒದ್ದೆ ಗೋಣಿತಾಟು ಹಾಸಿ, ನೂರು ಕಾಳು ಹರಡಿ, ಮೇಲೆ ಇನ್ನೊಂದು ಒದ್ದೆ ತಾಟು ಹೊದಿಸಿದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕೈಯಲ್ಲಿ ನೀರು ಚಿಮುಕಿಸಿದರೆ ಸಾಕು. ಅಷ್ಟರಲ್ಲಿ ದೊಡ್ಡಬಳ್ಳಾಪುರದ ಕಚೇರಿಯಿಂದ ಕರೆ ಬಂತು. ಹೋಗಿ ಬರುವ ತನಕ ತಾಟು ಒಣಗದ ಹಾಗೆ ನೋಡಿಕೊಳ್ಳಿ ಎಂದು ಪಟೇಲರಿಗೆ ಹೇಳಿ ಹೊರಟೆ. ಆ ಕಚೇರಿಯಲ್ಲಿ ಕಾಯುತ್ತಾ ಎರಡು ದಿನ ಕೂತೆ.

ವಾಪಸು ಬಂದು ಜಗಲಿ ಹತ್ತುವಾಗಲೇ ವಾಸನೆ ಬಡಿಯಿತು. ತಟ್ಟೆ ಇದ್ದ ಜಾಗದಲ್ಲಿ ಒಂದು ಕೊಪ್ಪರಿಗೆ ಇತ್ತು. ಕೊಪ್ಪರಿಗೆಯ ತುಂಬ ನೀರು, ನೀರಿನ ಮೇಲೆ ನೊರೆ. ಕಾಳುಗಳು ತಳದಲ್ಲಿ ಕೊಳೆತು ಕೂತಿದ್ದವು.

"ಏನಿದು ಪಟೇಲ್ರೇ?" ಎಂದೆ.

"ನೀವು ಬರೀ ಚಿಮುಕ್ಸಿ ಹೋಗಿದ್ರಿ. ಅದೇನ್ ಸಾಕಾಯ್ತದೆ ಸ್ವಾಮಿ? ಊರಿನ ಬೀಜ, ಬಾಯಾರ್ಕೊಂಡು ಸಾಯೋದು ಬ್ಯಾಡ ಅಂತ ಕೊಪ್ಪರಿಗೇಲಿ ಹಾಕ್ದೆ. ಹೊತ್ತೊತ್ತಿಗೂ ನಾನೇ ನೀರು ತುಂಬ್ಸಿವ್ನಿ, ಆಳುಗಳ್ನ ನಂಬಲಿಲ್ಲ."

ಬೈಯುವ ಹಾಗಿಲ್ಲ, ಅವರ ಮನೆಯಲ್ಲೇ ಡಿಪೋ. ಸಮಾಧಾನ ತಂದುಕೊಂಡು ಹೇಳಿದೆ, "ನೀರೊಂದೇ ಅಲ್ಲ ಪಟೇಲ್ರೇ. ಮೊಳೆಯೋ ಹೊತ್ತಿನಲ್ಲಿ ಬೀಜಕ್ಕೆ ಗಾಳಿನೂ ಬೇಕು. ಅದೂ ನಮ್ಮ ಹಾಗೇ ಉಸಿರಾಡುತ್ತೆ. ಮುಳುಗಿಸಿಬಿಟ್ರೆ ಉಸಿರು ಕಟ್ಟಿ ಸಾಯುತ್ತೆ."

ಪಟೇಲರ ಮುಖ ಸಣ್ಣಗಾಯಿತು. ಪಾಪ, ಕಣ್ಣಲ್ಲಿ ನೀರೂ ಬಂತು.

"ಉಸಿರಾಡ್ತದಾ? ಮೊದ್ಲೇ ಹೇಳ್ಬಾರ್ದಾ ಸ್ವಾಮಿ. ಇಲಿ ಬೀಳ್ತವೆ ಅಂತ ರಾತ್ರಿಯೆಲ್ಲಾ ಮುಚ್ಚಳ ಹಾಕಿ ಮ್ಯಾಲೆ ಬೀಸೋ ಕಲ್ಲು ಬೇರೆ ಹೇರಿದ್ದೆ."

೨. ಕಾವು

ಸರ್ಕಾರದ ಬೀಜ ಕೊಳೆತುಹೋಯಿತಂತೆ ಎನ್ನುವ ಸುದ್ದಿ ಸಂಜೆಯೊಳಗೆ ಬಾವಿಕಟ್ಟೆ ಮುಟ್ಟಿತು. ನೀರಿಗೆ ಬಂದ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಬೀಜದ ತಪ್ಪಲ್ಲ, ನೀರಿನ ತಪ್ಪು ಎಂದು ನಾನು ಎಷ್ಟು ಹೇಳಿದರೂ ನಂಬುವವರಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ಆ ಮುಗ್ಗಲು ವಾಸನೆ ನನ್ನ ಮೂಗಿನಿಂದ ಹೋಗಿರಲಿಲ್ಲ.

ಎರಡನೇ ಸಲ ನೀರಿನ ವಿಷಯದಲ್ಲಿ ಹುಷಾರಾದೆ. ಆದರೆ ಬಯಲುಸೀಮೆಯ ಆಷಾಢದ ಗಾಳಿ ನಿಮಗೆ ಗೊತ್ತಲ್ಲ, ಡಿಪೋ ಕೋಣೆಯಲ್ಲಿ ನನಗೇ ಹಲ್ಲು ಕಟಕಟ ಅನ್ನುತ್ತಿತ್ತು. ಥಂಡಿಯಲ್ಲಿ ಬೀಜ ಬೇಗ ಕಣ್ಣು ಬಿಡುವುದಿಲ್ಲ. ಸಂತೆ ದಿನ ಹತ್ತಿರ ಬರುತ್ತಿತ್ತು. ನಮ್ಮ ಪಕ್ಕದ ಮನೆಯಲ್ಲಿ ಒಬ್ಬಳು ಅಜ್ಜಿ ಇದ್ದಳು; ಅವಳ ಅಡುಗೆಮನೆ ಹಗಲೂ ರಾತ್ರಿ ಬೆಚ್ಚಗಿರುತ್ತಿತ್ತು. ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಅವಳ ಕೈಗೆ ಕೊಟ್ಟೆ.

"ಅಜ್ಜೀ, ಇದನ್ನ ಬೆಚ್ಚಗಿರೋ ಕಡೆ ಇಡು. ಒಲೆ ಮೇಲೆ ಮಾತ್ರ ಇಡಬೇಡ. ಹದವಾದ ಕಾವು ಸಾಕು."

"ಕಾವು ತಾನೆ? ನಂಗ್ ಬಿಡಪ್ಪ," ಎಂದಳು ಅಜ್ಜಿ. ಅವಳು ಅಷ್ಟು ಧೈರ್ಯವಾಗಿ ಹೇಳಿದ್ದು ನೋಡಿ ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಮಾರನೇ ದಿನ ಸಂಜೆ ನೀರು ಚಿಮುಕಿಸೋಣ ಎಂದು ಹೋದರೆ ಗಂಟು ಒಲೆಯ ಹತ್ತಿರವೂ ಇಲ್ಲ, ಅಟ್ಟದ ಮೇಲೂ ಇಲ್ಲ. ಅಜ್ಜಿ ಮೂಲೆಯ ಕುಕ್ಕೆ ತೋರಿಸಿದಳು. ಅದರೊಳಗೆ ಒಂದು ಕೆಂಪು ಹ್ಯಾಟೆ ಕೋಳಿ ರೆಕ್ಕೆ ಹರಡಿಕೊಂಡು ಕೂತಿತ್ತು. ಮೊಟ್ಟೆಗಳ ನಡುವೆ, ಅದರ ಹೊಟ್ಟೆಯ ಕೆಳಗೆ, ನನ್ನ ಗಂಟು.

"ಇದರ ಕಾವಿಗಿಂತ ಹದವಾದ ಕಾವು ಯಾವ ಸರ್ಕಾರ್ದಾಗೂ ಇಲ್ಲ," ಎಂದಳು ಅಜ್ಜಿ.

ಕೈ ಹಾಕಿದೆ. ಕೋಳಿ ಕುಕ್ಕಿತು. ಇನ್ನೊಂದು ಕೈ ಹಾಕಿದೆ, ಅದನ್ನೂ ಕುಕ್ಕಿತು. ಕಾವಿಗೆ ಕೂತ ಕೋಳಿಯ ಮುಂದೆ ಇಲಾಖೆಯ ನೌಕರನೂ ಒಂದೇ, ನರಿಯೂ ಒಂದೇ. ಎರಡು ದಿನ ಅದು ನನ್ನನ್ನು ಹತ್ತಿರ ಸೇರಿಸಲಿಲ್ಲ. ಕೈಗೆ ಅರಿಸಿನ ಹಚ್ಚಿಕೊಂಡು ಓಡಾಡುತ್ತಿದ್ದ ನನ್ನನ್ನು ನೋಡಿ ಊರಿನವರು, ಬೀಜದಯ್ಯನಿಗೆ ಏನಾಗಿದೆ ಎಂದು ಕೇಳುತ್ತಿದ್ದರು. ಕೊನೆಗೆ ಅದು ಮೇವಿಗೆಂದು ಎದ್ದ ಗಳಿಗೆಯಲ್ಲಿ ಗಂಟು ಎತ್ತಿಕೊಂಡು ಓಡಿದೆ. ಬಿಚ್ಚಿದರೆ ಬಟ್ಟೆ ಹಪ್ಪಳದ ಹಾಗೆ ಒಣಗಿತ್ತು. ಕಾವೇನೋ ಸಿಕ್ಕಿತ್ತು, ನೀರಿನ ಪಸೆ ಇರಲಿಲ್ಲ. ಉಬ್ಬಿದ್ದ ಕಾಳುಗಳು ಮತ್ತೆ ಸುರುಟಿಕೊಂಡು ಸುಕ್ಕುಗಟ್ಟಿದ್ದವು.

ಅಜ್ಜಿಯ ಮುಂದೆ ಹಿಡಿದೆ. "ನೋಡಜ್ಜೀ, ಒಂದೂ ಮೊಳೆತಿಲ್ಲ."

ಅವಳು ಒಂದು ಕಾಳು ತೆಗೆದುಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು, ಮೊಟ್ಟೆ ನೋಡುವ ಹಾಗೆ.

"ನನ್ ಕೋಳೀನ ದೂರ್ಬ್ಯಾಡಪ್ಪ. ಅದು ಕೂತಲ್ಲೆಲ್ಲಾ ಮರಿ ಎಬ್ಬ್ಸೈತೆ. ನಿಮ್ ಸರ್ಕಾರ್ದೋರು ಹುಂಜ ಇಲ್ದೇ ಇರೋ ಮನೆಯಿಂದ ತಂದವ್ರೆ."

೩. ಬೇರು ನೋಡಿದವನು

ಹುಂಜ ಇಲ್ಲದ ಬೀಜ ಎನ್ನುವ ಮಾತು ಊರಿನಲ್ಲಿ ನಿಂತುಬಿಟ್ಟಿತು. ನಗುತ್ತಲೇ ಹೇಳುತ್ತಿದ್ದರು, ಆದರೆ ನಗು ಕಣ್ಣಿನ ತನಕ ಬರುತ್ತಿರಲಿಲ್ಲ. ನಾಲ್ಕು ಜನ ಯಜಮಾನರು ಬಂದು ಜಗಲಿಯ ಮೇಲೆ ಕೂತರು. ಒಬ್ಬರು, "ಘಾಟಿ ಸುಬ್ರಮಣ್ಯಸ್ವಾಮಿಗೆ ಹರಕೆ ಹೊತ್ತಿವ್ನಿ," ಎಂದು ಎದ್ದುಹೋದರು. ನಾನು ಹೊಲದ ಕಡೆ ಹೋಗಿ ಮಣ್ಣು ಹಿಡಿದು ನೋಡಿದೆ. ಉಂಡೆ ಕಟ್ಟುತ್ತಿತ್ತು, ಆದರೆ ಬೆರಳಿಗೆ ಅಂಟುತ್ತಿರಲಿಲ್ಲ. ಹದ ಆರುವುದು ಇನ್ನು ಸ್ವಲ್ಪವೇ ದಿನದ ಮಾತು.

ಆ ಊರಿನಲ್ಲಿ ಹೊಸದಾಗಿ ಮದುವೆಯಾಗಿದ್ದ ಒಬ್ಬ ರೈತನಿದ್ದ. ಅಣ್ಣತಮ್ಮಂದಿರಿಂದ ಬೇರೆಯಾಗಿ ಅದೇ ಮೊದಲ ವರ್ಷದ ಸಾಗುವಳಿ. ಹಗಲೆಲ್ಲ ಡಿಪೋ ಬಾಗಿಲಲ್ಲೇ ಕೂತಿರುತ್ತಿದ್ದ. ಅವನ ಕೈಗೆ ಮಾದರಿಯ ನಾಲ್ಕೈದು ಕಾಳು ಕೊಟ್ಟು, "ಇದನ್ನ ನಿನ್ನ ಹೊಲದ ಮೂಲೇಲಿ ಒಂದು ಬೆರಳು ಆಳಕ್ಕೆ ಊರು. ಜಾಸ್ತಿ ಆಳ ಬೇಡ, ಮೇಲಕ್ಕೆ ಬರೋದ್ರೊಳಗೆ ಸೋತುಹೋಗುತ್ತೆ. ಊರಿ ಸುಮ್ಮನಿರು," ಎಂದಿದ್ದೆ. ಪರೀಕ್ಷೆಗಾಗಿ ಊರಿದ್ದನ್ನು ಸಾಹೇಬರು ಬೀಜ ಹಂಚಿದ್ದು ಅನ್ನಲಾರರು ಎಂಬುದು ನನ್ನ ಲೆಕ್ಕ. ಕೋಳಿಯ ಕಡೆಯಿಂದ ಆಸೆ ಹೋದ ಮೇಲೆ ಅವನ ಹೊಲಕ್ಕೆ ಹೋದೆ. ಅವನು ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೆಲವನ್ನೇ ನೋಡುತ್ತಿದ್ದ. ನೆಲದ ಮೇಲೆ ಏನೂ ಇರಲಿಲ್ಲ.

"ಬಂದಿಲ್ವೇನೋ?"

"ಬಂದಿತ್ತು ಸ್ವಾಮಿ."

"ಬಂದಿತ್ತು ಅಂದ್ರೆ?"

"ಮೊದಲ್ನೇ ದಿನ ಬಗೆದು ನೋಡ್ದೆ, ಊದ್ಕಂಡಿತ್ತು. ಮುಚ್ಚ್ದೆ. ಮಾರ್ನೇ ದಿನ ಬಗೆದೆ, ಸಿಪ್ಪೆ ಬಿರಿದಿತ್ತು. ಮುಚ್ಚ್ದೆ. ಅದರ ಮಾರ್ನೇ ದಿನ ನೋಡ್ತೀನಿ, ಬೆಳ್ಳಗೆ ಇಷ್ಟುದ್ದ ಬೇರು ಬಿಟ್ಟೈತೆ ಸ್ವಾಮಿ, ಎಲ್ಲಕ್ಕೂ. ತಡ್ಯಕ್ಕಾಗ್ಲಿಲ್ಲ. ಪಂಚೆ ಸೆರಗಲ್ಲಿ ಕಟ್ಕಂಡು ಮನೇಗ್ ಹೋಗಿ ಹೆಂಡ್ರಿಗೆ ತೋರ್ಸ್ದೆ. ಅವ್ಳು ಅವ್ರವ್ವನಿಗೆ ತೋರ್ಸಿದ್ಳು. ಪಟೇಲ್ರು ನೋಡ್ತೀನಿ ಅಂದ್ರು. ಅಜ್ಜಿನೂ ನೋಡಿದ್ಳು. ನಿಮ್ಗೆ ಮೇಲಕ್ಕೆ ಬಂದ್ಮ್ಯಾಕೆ ತೋರ್ಸಾಣ ಅಂತ ಎಲ್ರಿಗೂ ಸುಮ್ಕಿರಿ ಅಂದೆ. ಸಂಜೆ ತಂದು ತಿರ್ಗಾ ಊರ್ದೆ. ಅದ್ಯಾಕೋ ಆಮ್ಯಾಕೆ ಮೇಲಕ್ಕೇ ಬರ್ಲಿಲ್ಲ."

ಅವನ ಕೆನ್ನೆಗೆ ಹೊಡೆಯಬೇಕೋ, ಅವನನ್ನು ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಬೇರು ಬಂದಿದ್ದರೆ ಬೀಜ ಬದುಕಿದೆ. ಮುಗ್ಗಲು ವಾಸನೆ ಹೊರಗಿನದು, ಒಳಗೆ ಜೀವ ಇದೆ. ಅಷ್ಟು ದಿನದಲ್ಲಿ ಮೊದಲ ಸಲ ನನಗೆ ಅಳು ಬರುವಷ್ಟು ಸಂತೋಷವಾಯಿತು. ಮಣ್ಣು ಬಗೆದು ನೋಡಿದೆ. ಬೇರುಗಳು ಕಪ್ಪಾಗಿ ದಾರದ ಹಾಗೆ ಒಣಗಿ ಹೋಗಿದ್ದವು.

"ಹಸೀ ಬೇರನ್ನ ಊರೆಲ್ಲ ಮೆರವಣಿಗೆ ಮಾಡಿಸಿದ್ದೀಯಲ್ಲೋ. ಸಾಹೇಬರಿಗೆ ಈಗ ಏನು ತೋರಿಸಲಿ?"

ಅವನು ನೊಂದುಕೊಂಡು ಹೇಳಿದ, "ನಾನೇನ್ ಮಾಡ್ಲಿ ಸ್ವಾಮಿ. ಊರೋರೆಲ್ಲಾ ಬಂದು ನೋಡ್ಕಂಡ್ ಹೋದ್ರು. ನೋಡ್ದೇ ಉಳ್ದೋರು ನೀವೂ ಸಾಹೇಬ್ರೂ ಇಬ್ರೇಯ."

೪. ಅಟ್ಟದ ಬುಟ್ಟಿ

ಉಳಿದದ್ದು ಒಂದೇ ಪರೀಕ್ಷೆಗೆ ಆಗುವಷ್ಟು ಸಮಯ. ಈ ಸಲ ಯಾರಿಗೂ ಹೇಳಬಾರದೆಂದು ತೀರ್ಮಾನಿಸಿದೆ. ಪಟೇಲರಿಗೆ ಹೇಳಲಿಲ್ಲ, ಅಜ್ಜಿಗೆ ಹೇಳಲಿಲ್ಲ, ನನ್ನ ಹೆಂಡತಿಗೂ ಹೇಳಲಿಲ್ಲ. ನೂರು ಕಾಳು ಎಣಿಸಿ, ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಿದಿರ ಬುಟ್ಟಿಯಲ್ಲಿಟ್ಟು ನಮ್ಮ ಅಡುಗೆಮನೆಯ ಅಟ್ಟದ ಮೂಲೆಗೆ ಸರಿಸಿದೆ. ಅಲ್ಲಿ ಹದವಾದ ಬೆಚ್ಚಗೆ, ಬುಟ್ಟಿಯ ಸಂದಿನಲ್ಲಿ ಗಾಳಿ. ಹೆಂಡತಿ ಹಿತ್ತಿಲಿಗೆ ಹೋದಾಗ ಕಳ್ಳನ ಹಾಗೆ ಹತ್ತಿ ನೀರು ಚಿಮುಕಿಸುತ್ತಿದ್ದೆ.

ಸಂತೆ ದಿನ ಬೆಳಗ್ಗೆ ಬಟ್ಟೆ ಬಿಡಿಸಿ ನೋಡಿದೆ. ಬೆಳ್ಳಗೆ, ಬಾಗಿದ ಮೂತಿಗಳು. ಎಣಿಸಲೇ ಬೇಕಾಗಿಲ್ಲ ಅನ್ನುವಷ್ಟು ಮೊಳೆತಿದ್ದವು. ಕೈಮುಗಿದು ಮತ್ತೆ ಮುಚ್ಚಿಟ್ಟೆ. ಸಾಹೇಬರು ಊಟಕ್ಕೆ ಬರುತ್ತಾರೆಂದು ಹೆಂಡತಿಗೆ ಕೂಗಿ ಹೇಳಿ ಬಸ್ಸಿನ ಕಡೆ ಓಡಿದೆ.

ಆಗಿನದು ಇದ್ದಿಲು ಗ್ಯಾಸಿನ ಬಸ್ಸು. ದಿಣ್ಣೆ ಬಂದರೆ ನಿಂತುಬಿಡುತ್ತಿತ್ತು, ಜನ ಇಳಿದು ತಳ್ಳಬೇಕು. ಮಧ್ಯಾಹ್ನ ತಿರುಗಿದ ಮೇಲೆ ಬಂತು. ಸಾಹೇಬರು ಮುಖದ ತುಂಬ ಮಸಿ ಬಳಿದುಕೊಂಡು ಇಳಿದರು. ಅವರನ್ನೂ ತಳ್ಳುವುದಕ್ಕೆ ಹಚ್ಚಿದ್ದರಂತೆ. ಊರಿನವರು ನಮ್ಮ ಹಿಂದೆಯೇ ನಡೆದು ಬಂದು ಅಂಗಳದಲ್ಲಿ ನಿಂತರು.

"ಮೊದಲು ಮೊಳಕೆ ನೋಡಿಬಿಡಿ ಸಾರ್," ಎಂದೆ.

"ಮೊದಲು ಊಟ. ಬೀಜ ಎಲ್ಲೂ ಓಡಿಹೋಗೋದಿಲ್ಲ," ಎಂದರು.

ಬಿಸಿ ಮುದ್ದೆ, ಸಾರು ಬಂತು. ಸಾಹೇಬರ ತಟ್ಟೆಯಲ್ಲಿ ಬೇಳೆ ಧಾರಾಳವಾಗಿತ್ತು, ನನ್ನದರಲ್ಲಿ ಬರೀ ತಿಳಿ. ಅವರಿಗೆ ಮರ್ಯಾದೆ ಮಾಡಿದ್ದಾಳೆ ಎಂದುಕೊಂಡೆ. ಸಾಹೇಬರು ಎರಡು ತುತ್ತು ನುಂಗಿ ತಲೆಯೆತ್ತಿದರು. ಮುಖದ ಗಂಟು ಸಡಿಲವಾಗಿತ್ತು.

"ಹಿತಕಿದ ಬೇಳೆ ಸಾರು. ಬಹಳ ಚೆನ್ನಾಗಿದೆ ಕಣ್ರೀ. ಅಲ್ಲ, ಊರಲ್ಲಿ ಒಂದು ಹಿಡಿ ಅವರೆ ಇಲ್ಲ ಅಂತಿದ್ರಲ್ಲ, ಇದೆಲ್ಲಿಂದ ಬಂತು?"

ತುತ್ತನ್ನು ತಟ್ಟೆಯಲ್ಲೇ ಬಿಟ್ಟೆ. ಎದ್ದು ಅಟ್ಟಕ್ಕೆ ಕೈ ಹಾಕಿದೆ. ಬುಟ್ಟಿ ಖಾಲಿ.

ಬಾಗಿಲ ಮರೆಯಿಂದ ಹೆಂಡತಿ ಹೇಳಿದಳು, "ಅದು ನಾನೇ ತೊಗೊಂಡೆ. ಸಾಹೇಬ್ರಿಗೆ ಅಂತ ನೀವೇ ತಂದು ನೆನೆಸಿಟ್ಟಿದ್ದೀರಿ ಅಂದ್ಕೊಂಡೆ. ಮೊಳಕೆ ಬೇರೆ ಬಂದ್ಬಿಟ್ಟಿತ್ತು. ಇನ್ನು ಬಿಟ್ರೆ ಕೆಡುತ್ತೆ ಅಂತ ಬೇಗ ಬೇಗ ಮೊಳಕೆ ಕಿತ್ತು ಹಿತುಕಿಬಿಟ್ಟೆ."

ಅಂಗಳದಲ್ಲಿ ಆ ಹೊಸ ರೈತ ಹಾಗೇ ನೆಲಕ್ಕೆ ಕುಸಿದು ಕೂತ. ಸಾಹೇಬರು ತಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ನಾನು ಈಗ ತಿಂದದ್ದು ಪರೀಕ್ಷೆನೇನ್ರೀ?"

"ಹೌದು ಸಾರ್."

"ಕಿತ್ತ ಮೊಳಕೆ ಎಲ್ಲಿ?"

"ಕಲಗಚ್ಚಿನ ಬಾನಿಗೆ ಹಾಕ್ದೆ," ಎಂದಳು ಹೆಂಡತಿ.

ಕಲಗಚ್ಚಿನ ಬಾನಿ ಎಂದರೆ ಹಸುವಿನ ಪಾಲು. ನಾನು ಹಿತ್ತಿಲಿಗೆ ಹಾರಿದೆ. ಸಾಹೇಬರು ಎಂಜಲು ಕೈಯಲ್ಲೇ ನನ್ನ ಹಿಂದೆ ಬಂದರು. ನಮ್ಮ ಹಸು ಕಿವಿ ತನಕ ಬಾನಿಯೊಳಗೆ ಮುಳುಗಿತ್ತು. "ಎಳೀರಿ," ಎಂದು ಸಾಹೇಬರೇ ಕೊಂಬು ಹಿಡಿದು ಜಗ್ಗಿದರು. ನಾನು ಬಾನಿ ಎಳೆದೆ. ಪಟೇಲರು ಬಾಲ ಹಿಡಿದರು, ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ಬಗ್ಗಿಸಿ ಸೋಸಿದ್ದನ್ನು ಮೊರದ ಮೇಲೆ ಹರಡಿ, ಸಿಪ್ಪೆಯ ನಡುವಿನಿಂದ ಬಿಳಿ ಮೊಳಕೆಗಳನ್ನು ಒಂದೊಂದಾಗಿ ಆರಿಸಿ ಎಣಿಸಿದೆವು. ಊರೇ ನಮ್ಮ ಜೊತೆ ಎಣಿಸುತ್ತಿತ್ತು. ಎಪ್ಪತ್ತರ ಹತ್ತಿರಕ್ಕೆ ಬಂದು ನಿಂತಿತು.

"ಎಂಬತ್ತು ಬೇಕು," ಎಂದರು ಸಾಹೇಬರು.

"ಉಳಿದದ್ದು ಹಸು ತಿಂದಿದೆ ಸಾರ್."

"ಹಸು ತಿಂದದ್ದನ್ನ ನಾನು ಕಣ್ಣಾರೆ ನೋಡಿಲ್ಲ. ಏನೂ ಮಾಡೋಕಾಗಲ್ಲ ಕಣ್ರೀ." ದನಿಯಲ್ಲಿ ನಿಜವಾಗಿ ಬೇಸರವಿತ್ತು. ನನ್ನ ಕೆಲಸ ಏನಾಗುತ್ತದೋ ಎಂದು ಯೋಚಿಸುವುದಕ್ಕೂ ಆಗ ಪುರುಸೊತ್ತಿರಲಿಲ್ಲ. ಹಿತ್ತಿಲ ಬೇಲಿಯಾಚೆ ಬರಿದಾಗಿ ಬಿದ್ದಿದ್ದ ಹೊಲಗಳು ಕಾಣುತ್ತಿದ್ದವು. ಅವನ್ನು ನೋಡಲಾರದೆ ತಲೆ ತಗ್ಗಿಸಿದೆ.

ಆಗ ನನ್ನ ಹೆಂಡತಿ ಕೋಪದಿಂದ ಹೊರಗೆ ಬಂದಳು. ಬೆಳಗಿನಿಂದ ಹೊಗೆಯಲ್ಲಿ ಬೆಂದು ಅಡುಗೆ ಮಾಡಿದವಳಿಗೆ ಒಂದು ಒಳ್ಳೆಯ ಮಾತೂ ಸಿಕ್ಕಿರಲಿಲ್ಲ. ಅಂಗೈ ಚಾಚಿದಳು. ಅದರಲ್ಲಿ ಹನ್ನೊಂದು ಕಾಳು.

"ಎಂಥಾ ಬೀಜ ತಂದಿದ್ದೀರೋ. ಇವು ನೆನೆದೂ ಇಲ್ಲ, ಮೊಳೆತೂ ಇಲ್ಲ. ಕಲ್ಲಿನ ಹಾಗಿವೆ. ಹಿತುಕಿ ಹಿತುಕಿ ನನ್ನ ಉಗುರು ಕಿತ್ತುಬಂತು. ಉಳಿದ ಒಂದೊಂದಕ್ಕೂ ಮೂತಿ ಬಂದಿತ್ತು. ಇವನ್ನ ನೀವೇ ಇಟ್ಕೊಳ್ಳಿ."

ಸಾಹೇಬರು ಆ ಕಾಳುಗಳನ್ನು ತೆಗೆದುಕೊಂಡು ಕಚ್ಚಿ ನೋಡಿದರು. ಮತ್ತೆ ಎಣಿಸಿದರು. ಆಕಾಶ ನೋಡಿದರು.

"ನೂರಕ್ಕೆ ಮೊಳೆಯದೇ ಇರೋದು ಹನ್ನೊಂದು. ಅದನ್ನ ಕಣ್ಣಾರೆ ನೋಡಿದ್ದೀನಿ. ಉಳಿದ ಎಂಬತ್ತೊಂಬತ್ತಕ್ಕೆ ನನ್ನ ಹೊಟ್ಟೆಯೇ ಸಾಕ್ಷಿ. ಹಂಚ್ರೀ ಬೀಜ."

ಸಂಜೆಯೊಳಗೆ ಮೂಟೆಗಳು ಖಾಲಿಯಾದವು. ಬಿತ್ತಿದ ಮೇಲೆ ಒಂದು ಹದವಾದ ತುಂತುರು ಬಿತ್ತು. ಆಮೇಲೆ ಒಂದು ಬೆಳಗ್ಗೆ ಹೊಲಕ್ಕೆ ಹೋದರೆ ಅಕ್ಕಡಿ ಸಾಲಿನಲ್ಲಿ ಮಣ್ಣು ಬಿರಿದು, ಅವರೆಯ ಜೋಡಿ ಎಲೆಗಳು ಸಾಲಾಗಿ ಎದ್ದಿದ್ದವು. ಆ ಹೊಸ ರೈತ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಬದುವಿನ ಮೇಲೆ ನಿಂತಿದ್ದ, ಬಗೆದು ನೋಡಬಾರದೆಂದು. ನಾನು ಬದುವಿನ ಮೇಲೆ ಕೂತು ಅತ್ತೆ, ನಾಚಿಕೆಯಿಲ್ಲದೆ.

ಮುಂದಿನ ವರ್ಷ ಅದೇ ಸಾಹೇಬರು ಪರೀಕ್ಷೆ ನೋಡಲು ಬಂದರು. ಈ ಸಲ ನಾನು ಬಲು ಜಾಗ್ರತೆ ಮಾಡಿದ್ದೆ. ತಟ್ಟೆ ಕೋಣೆಯಲ್ಲಿ, ಕೋಣೆಗೆ ಬೀಗ, ಬೀಗದ ಕೈ ನನ್ನ ಉಡಿದಾರದಲ್ಲಿ. ಬೀಗ ತೆಗೆದು, ತಾಟು ಸರಿಸಿ ತೋರಿಸಿದೆ. ನೂರಕ್ಕೆ ತೊಂಬತ್ತರ ಮೇಲೆ, ಮುತ್ತಿನ ಹಾಗೆ ಮೊಳೆತಿದ್ದವು. ಸಾಹೇಬರು ಅತ್ತ ಒಂದು ಸಲ ಕಣ್ಣು ಹಾಯಿಸಿ ಅಡುಗೆಮನೆಯ ಕಡೆ ತಿರುಗಿದರು.

"ಏನಮ್ಮಾ, ಹಿತುಕಿ ಆಯ್ತಾ?"

"ಎಲ್ಲಿ ಸ್ವಾಮಿ. ಈ ಸಲ ಇವ್ರು ನನ್ನ ಹತ್ರಕ್ಕೇ ಸೇರಿಸಿಲ್ಲ," ಎಂದಳು ನನ್ನ ಹೆಂಡತಿ.

ಸಾಹೇಬರು ಸಹಿಗೆಂದು ತೆಗೆದಿದ್ದ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು.

"ಹಾಗಾದ್ರೆ ಪರೀಕ್ಷೆ ಇನ್ನೂ ಮುಗಿದಿಲ್ಲ ಕಣ್ರೀ," ಎಂದು ಕೈ ತೊಳೆಯುವುದಕ್ಕೆ ನೀರು ಕೇಳಿದರು.